ಸಾಲಾರ್ ಜಂಗ್ ಮತ್ತು 41 ಲಕ್ಷದ ಅಬಕಾರಿ ಲೆಕ್ಕ



ಹೈದರಾಬಾದಿಗೆ ಹೋದ ನಮ್ಮವರು ಸಾಲಾರ್ ಜಂಗ್ ಮ್ಯೂಸಿಯಂ ನೋಡದೆ ಮರಳುವುದು ಅಪರೂಪ. ಗಂಟೆ ಹೊಡೆಯುವ ಗಡಿಯಾರದ ಮುಂದೆ ಮಕ್ಕಳನ್ನು ನಿಲ್ಲಿಸಿಕೊಂಡು ಕಾಯುತ್ತೇವೆ. ಮುಸುಕು ಹೊದ್ದ ರೆಬೆಕ್ಕಾಳ ಅಮೃತಶಿಲೆಯ ಮೂರ್ತಿಯ ಮುಂದೆ ಬೆರಗಾಗಿ ನಿಲ್ಲುತ್ತೇವೆ. ಅಲ್ಲಿರುವ ವಸ್ತುಗಳಲ್ಲಿ ಬಹುಪಾಲು ಮೂರನೆಯ ಸಾಲಾರ್ ಜಂಗರು ಕೂಡಿಸಿದವು. ರೆಬೆಕ್ಕಾಳನ್ನು ಮಾತ್ರ 1876ರಲ್ಲಿ ಇಟಲಿಯಲ್ಲಿ ಕೊಂಡವರು ಅವರ ಅಜ್ಜ, ಮೊದಲನೆಯ ಸಾಲಾರ್ ಜಂಗ್. ಆ ವರ್ಷ ಅವರು ಯುರೋಪಿಗೆ ಹೋದದ್ದು ಮೂರ್ತಿ ಕೊಳ್ಳಲಿಕ್ಕಲ್ಲ, ಕಳೆದುಹೋದ ನೆಲವನ್ನು ವಾಪಸು ಕೇಳಲಿಕ್ಕೆ. ಆ ನೆಲ ಕಳೆದುಹೋದ ಕತೆಯೊಳಗೆ ಹೆಂಡ ಸಾರಾಯಿಯ ತೆರಿಗೆಯ ಒಂದು ಲೆಕ್ಕವಿದೆ. ಈ ಸಲ ನಾವು ಆ ಲೆಕ್ಕದ ಜೊತೆಗೇ ಅವರ ಬದುಕನ್ನು ನೆನೆಯಬೇಕೆಂದಿದ್ದೇವೆ.

ಉಟ್ಕೂರ್, ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಕಡೆಯವರಾದ ನಮಗೆ ಇದು ದೂರದ ಚರಿತ್ರೆಯಲ್ಲ. ನಮ್ಮ ನೆರೆಯ ಕೋಸಗಿ ಒಂದು ಕಾಲಕ್ಕೆ ಸಾಲಾರ್ ಜಂಗ್ ಮನೆತನದ ಜಹಗೀರು. ಅತ್ತ ಕೊಪ್ಪಳವೂ ಅವರದೇ ಜಹಗೀರು. ನಮ್ಮ ಹಿರಿಯರು ಕಂದಾಯ ಕಟ್ಟಿದ ಕಚೇರಿಗಳ ವ್ಯವಸ್ಥೆ ಅವರ ಕಾಲದಲ್ಲಿ ಆರಂಭವಾದದ್ದು. ಇಂದು ನಮ್ಮ ಊರುಗಳಲ್ಲಿ ಮದ್ಯದ ಅಂಗಡಿ ಯಾರ ಅಪ್ಪಣೆಯಿಂದ ತೆರೆಯುತ್ತದೆ, ಅದರ ಹಣ ಯಾವ ಖಜಾನೆಗೆ ಸೇರುತ್ತದೆ, ಇದರಲ್ಲಿ ದಿಲ್ಲಿಯ ಮಾತೆಷ್ಟು, ರಾಜ್ಯದ ಮಾತೆಷ್ಟು ಎಂಬ ಚರ್ಚೆ ನಡೆಯುತ್ತಲೇ ಇರುತ್ತದೆ. ಅದೇ ಪ್ರಶ್ನೆ ಬೇರೆ ವೇಷದಲ್ಲಿ ಅವರ ಬಾಳಿನುದ್ದಕ್ಕೂ ಇತ್ತು.

ಬಿಜಾಪುರದಿಂದ ಬಂದ ಮನೆತನ

ಅವರ ಹೆಸರು ಮೀರ್ ತುರಾಬ್ ಅಲಿ ಖಾನ್. ಸಾಲಾರ್ ಜಂಗ್, ಮುಖ್ತಾರ್ ಉಲ್ ಮುಲ್ಕ್ ಎಂಬುವು ಬಿರುದುಗಳು. ಹುಟ್ಟಿದ್ದು 1829ರಲ್ಲಿ. ಪೂರ್ವಿಕರು ಅರಬ್ ದೇಶದಿಂದ ಬಂದು ಬಿಜಾಪುರದ ಆದಿಲ್‌ಶಾಹಿಗಳ ಆಶ್ರಯದಲ್ಲಿ ನೆಲೆಸಿದವರು. ನಂತರ ಮೊಗಲರ, ಆಮೇಲೆ ನಿಜಾಮರ ಸೇವೆಗೆ ಸೇರಿದರು. ಅಜ್ಜ ಮುನೀರ್ ಉಲ್ ಮುಲ್ಕ್ ನಿಜಾಮರ ದಿವಾನರಾಗಿದ್ದವರು. ತಂದೆ ಬೇಗ ತೀರಿಕೊಂಡಿದ್ದರಿಂದ ಹುಡುಗ ಅಜ್ಜನ, ಆಮೇಲೆ ಚಿಕ್ಕಪ್ಪ ಸಿರಾಜ್ ಉಲ್ ಮುಲ್ಕರ ನೆರಳಿನಲ್ಲಿ ಬೆಳೆದ. ದೊಡ್ಡ ಹೆಸರಿನ ಮನೆ, ಆದರೆ ದೊಡ್ಡ ಸಾಲದ ಮನೆಯೂ ಹೌದು. ಇಪ್ಪತ್ತು ತುಂಬುವ ಮೊದಲೇ ತೆಲುಗು ಸೀಮೆಯ ಕೆಲವು ತಾಲ್ಲೂಕುಗಳ ಆಡಳಿತ ಅವರ ಕೈಗೆ ಬಂತು. ಹಳ್ಳಿಯ ಲೆಕ್ಕ, ರೈತನ ಬಾಕಿ, ಗುತ್ತೇದಾರನ ಕೈಚಳಕ, ಇವನ್ನೆಲ್ಲ ಅವರು ಕಲಿತದ್ದು ಅಲ್ಲಿ.

ಆಗಿನ ಹೈದರಾಬಾದಿನಲ್ಲಿ ಕಂದಾಯ ವಸೂಲಿ ಬಹುತೇಕ ಗುತ್ತಿಗೆಯ ಮೇಲೆ ನಡೆಯುತ್ತಿತ್ತು. ಖಜಾನೆಗೆ ಸಾಲ ಕೊಟ್ಟ ಸಾಹುಕಾರರು, ಅರಬ್ ಮತ್ತು ರೋಹಿಲಾ ಜಮಾದಾರರು ಸಾಲಕ್ಕೆ ಬದಲಾಗಿ ಜಿಲ್ಲೆಗಳ ವಸೂಲಿಯನ್ನು ಹಿಡಿದುಕೊಳ್ಳುತ್ತಿದ್ದರು. ಅಬಕಾರಿಯೂ ಹಾಗೆಯೇ. ಹೆಂಡ, ಸಾರಾಯಿ ಮಾರುವ ಹಕ್ಕನ್ನು ಒಬ್ಬನಿಗೆ ಗುತ್ತಿಗೆ ಕೊಟ್ಟರೆ ಆತ ಹಣ ಕಟ್ಟಿ, ಉಳಿದದ್ದನ್ನು ಜನರಿಂದ ಎತ್ತಿಕೊಳ್ಳುತ್ತಿದ್ದ. ಗುತ್ತೇದಾರ ಎಂಬ ಮಾತು ಕಲಬುರಗಿ ಕಡೆ ಇಂದಿಗೂ ಮನೆತನದ ಹೆಸರಾಗಿ ಉಳಿದಿದೆ. ನಮ್ಮ ಭಾಗದಲ್ಲಿ ಈಚಲು, ತಾಳೆ ಮರಗಳ ಸೇಂದಿಯೇ ಮುಖ್ಯ. ಮರಾಠವಾಡದ ಕಡೆ ಇಪ್ಪೆ ಹೂವಿನ ಸಾರಾಯಿ. ಭೂಕಂದಾಯದ ಜೊತೆಗೆ ಅಬಕಾರಿಯೂ ಸಂಸ್ಥಾನಕ್ಕೆ ಬೇಕಾದ ಆದಾಯವಾಗಿತ್ತು. ಮರ ಏರುವವನ ದುಡಿಮೆ, ಕೂಲಿಯವನ ಸಂಜೆಯ ಕಾಸು ಎರಡೂ ಸೇರಿ ಆಗುತ್ತಿದ್ದ ಆದಾಯ ಅದು.

ದಂಡಿನ ಹೆಂಡದಂಗಡಿ ಯಾರದು?

1798 ಮತ್ತು 1800ರ ಒಪ್ಪಂದಗಳಿಂದ ನಿಜಾಮರು ಇಂಗ್ಲಿಷ್ ಕಂಪನಿಯ ಸೈನ್ಯವನ್ನು ತಮ್ಮ ನೆಲದಲ್ಲಿ ಇರಿಸಿಕೊಳ್ಳಲು ಒಪ್ಪಿದರು. ಅದರ ವೆಚ್ಚಕ್ಕೆಂದು ಬಳ್ಳಾರಿ, ಅನಂತಪುರ, ಕಡಪ ಮುಂತಾದ ಸೀಮೆಗಳನ್ನು 1800ರಲ್ಲಿ ಬಿಟ್ಟುಕೊಟ್ಟರು. ಅವೇ ದತ್ತ ಮಂಡಲಗಳು. 1806ರ ಹೊತ್ತಿಗೆ ಹುಸೇನ್ ಸಾಗರದ ಆಚೆ ದೊಡ್ಡ ದಂಡುಪ್ರದೇಶ ಬೆಳೆದು, ಆಗಿನ ನಿಜಾಮ ಸಿಕಂದರ್ ಜಾಹರ ಹೆಸರಿನಲ್ಲಿ ಸಿಕಂದರಾಬಾದ್ ಆಯಿತು. ಜಾಲನಾದಲ್ಲಿಯೂ ಒಂದು ದಂಡು ನಿಂತಿತು.

ಸಾವಿರಾರು ಸಿಪಾಯಿಗಳು, ಅವರ ಹಿಂದೆ ಅಂಗಡಿಕಾರರು, ಗಾಡಿಯವರು, ಕೂಲಿಗಳು. ಅಂಥ ಕಡೆ ಹೆಂಡ ಸಾರಾಯಿ ಬಹಳ ಮಾರಾಟವಾಗುತ್ತದೆ. ಕುಡಿತ ಹದ್ದುಮೀರಿದರೆ ದಂಡಿನ ಶಿಸ್ತು ಕೆಡುತ್ತದೆ ಎಂಬ ಕಾರಣಕ್ಕೆ ದಂಡಿನ ಬಜಾರಿನ ಮದ್ಯದಂಗಡಿಗಳು ಸೇನಾಧಿಕಾರಿಗಳ ಹತೋಟಿಯಲ್ಲಿದ್ದವು. ಅಂಗಡಿಯ ಮೇಲಿನ ಹತೋಟಿಯ ಜೊತೆಗೆ ಅದರ ತೆರಿಗೆಯೂ ಕಂಪನಿಯ ಕೈಗೇ ಹೋಯಿತು.

ಇಲ್ಲಿಯೇ ಪ್ರಶ್ನೆ ಹುಟ್ಟಿದ್ದು. ಸಿಕಂದರಾಬಾದಿನ ನೆಲ ನಿಜಾಮರದು. ಸೈನ್ಯ ಇರಿಸಲು ಜಾಗ ಕೊಟ್ಟಿದ್ದರೇ ಹೊರತು ಅಲ್ಲಿ ತೆರಿಗೆ ಎತ್ತುವ ಹಕ್ಕನ್ನು ಯಾವ ಒಪ್ಪಂದದಲ್ಲಿಯೂ ಬರೆದುಕೊಟ್ಟಿರಲಿಲ್ಲ. ಹೀಗಿರುವಾಗ ಆ ಅಬಕಾರಿ ಹಣ ಯಾರದು? ಹೈದರಾಬಾದಿನ ದರ್ಬಾರು ಅದು ತನ್ನದೆಂದು ಹೇಳುತ್ತಿತ್ತು. ಮೇಲಿನ ಶಕ್ತಿಯಾದ ಕಂಪನಿ ಅದಕ್ಕೆ ಕಿವಿಗೊಡಲಿಲ್ಲ. 1812ರಿಂದ 1853ರವರೆಗೆ ಸಿಕಂದರಾಬಾದ್ ಮತ್ತು ಜಾಲನಾಗಳ ಅಬಕಾರಿ ವರ್ಷಕ್ಕೆ ಸುಮಾರು 1 ಲಕ್ಷ ರೂಪಾಯಿಯಂತೆ 41 ವರ್ಷ ನಿಜಾಮರ ಲೆಕ್ಕಕ್ಕೆ ಸೇರಲಿಲ್ಲ. ಒಟ್ಟು 41 ಲಕ್ಷ.

ಈ ಹಣಕ್ಕೆ ಎದುರಾಗಿ ಇನ್ನೊಂದು ಲೆಕ್ಕ ಬೆಳೆಯುತ್ತಿತ್ತು. ಒಪ್ಪಂದದ ಸೈನ್ಯವಲ್ಲದೆ ಕಂಟಿಂಜೆಂಟ್ ಎಂಬ ಮತ್ತೊಂದು ಪಡೆಯನ್ನು ಇಂಗ್ಲಿಷ್ ಅಧಿಕಾರಿಗಳ ಕೆಳಗೆ ಕಟ್ಟಲಾಗಿತ್ತು. ಅದರ ಸಂಬಳ ನಿಜಾಮರ ತಲೆಯ ಮೇಲೆ. ದಿವಾನರ ಕೆಲಸ ನೋಡುತ್ತಿದ್ದ ಚಂದೂಲಾಲರ ಕಾಲದಲ್ಲಿ ವಿಲಿಯಂ ಪಾಮರ್ ಕಂಪನಿಯಂಥವರಿಂದ ದುಬಾರಿ ಬಡ್ಡಿಗೆ ಸಾಲ ತಂದು ಆ ಸಂಬಳ ಕೊಟ್ಟರು. ಸಾಲದ ಮೇಲೆ ಸಾಲ ಬೆಳೆಯಿತು. ಸಂಬಳ ತಡವಾದಾಗ ಕಂಪನಿಯೇ ಹಣ ಕೊಟ್ಟು ಅದನ್ನು ನಿಜಾಮರ ಬಾಕಿ ಎಂದು ಬರೆದುಕೊಂಡಿತು. 1853ರ ಹೊತ್ತಿಗೆ ಈ ಬಾಕಿ ಸುಮಾರು 43 ಲಕ್ಷ.

ಒಂದು ಕಡೆ 43 ಲಕ್ಷದ ಬಾಕಿ, ಇನ್ನೊಂದು ಕಡೆ ಲೆಕ್ಕಕ್ಕೇ ಹಿಡಿಯದ 41 ಲಕ್ಷದ ಅಬಕಾರಿ. ಎರಡನ್ನೂ ಒಂದೇ ಪುಟದಲ್ಲಿ ಬರೆದಿದ್ದರೆ ಉಳಿಯುತ್ತಿದ್ದುದು 2 ಲಕ್ಷ. ಹಾಗೆ ಬರೆಯಲಿಲ್ಲ.

1853ರ ಮೇ ತಿಂಗಳು

ಗವರ್ನರ್ ಜನರಲ್ ಡಾಲ್‌ಹೌಸಿ ಬಾಕಿಗೆ ಬದಲಾಗಿ ನೆಲ ಕೇಳಿದ. ನಿಜಾಮ ನಾಸಿರ್ ಉದ್ ದೌಲಾ ಬಹಳ ಕಾಲ ತಡೆದರು, ಕೊನೆಗೆ ಮಣಿದರು. 1853ರ ಮೇ 21ರಂದು ಒಪ್ಪಂದವಾಯಿತು. ಬೇರಾರ್, ಧಾರಾಶಿವ ಕಡೆಯ ಸೀಮೆ ಮತ್ತು ನಮ್ಮ ರಾಯಚೂರು ದೋಆಬ್ ಇಂಗ್ಲಿಷರ ಆಡಳಿತಕ್ಕೆ ಹೋದವು. ಒಪ್ಪಂದದ ಮಾತಿನಲ್ಲಿ ಇದು ಮಾರಾಟವಲ್ಲ, ಕಂಟಿಂಜೆಂಟಿನ ವೆಚ್ಚಕ್ಕಾಗಿ ವಹಿಸಿಕೊಟ್ಟದ್ದು. ಊರಿನ ಜನಕ್ಕೆ ಕಂಡದ್ದು ಬೇರೆ. ಕೃಷ್ಣೆಯ ಆಚೆ ದಡದ ರಾಯಚೂರಿನ ಕಂದಾಯ ಕಂಪನಿಯ ಅಧಿಕಾರಿಗಳಿಗೆ, ಈಚೆ ದಡದ ಮಕ್ತಲ್, ಉಟ್ಕೂರಿನ ಕಂದಾಯ ನಿಜಾಮರ ಜನರಿಗೆ. ನಮ್ಮ ಹೊಳೆ ಏಳು ವರ್ಷ ಎರಡು ಆಡಳಿತಗಳ ನಡುವಿನ ಗಡಿಯಾಯಿತು.

ಒಪ್ಪಂದವಾದ ಐದೇ ದಿನಕ್ಕೆ ದಿವಾನ ಸಿರಾಜ್ ಉಲ್ ಮುಲ್ಕ್ ತೀರಿಕೊಂಡರು. ಮೇ 31ರಂದು ಅವರ ಜಾಗಕ್ಕೆ ಸಾಲಾರ್ ಜಂಗ್ ಬಂದರು. ವಯಸ್ಸು 24. ಕೈಗೆ ಬಂದದ್ದು ಬರಿದಾದ ಖಜಾನೆ, ಸಂಬಳ ಸಿಗದ ಸಿಪಾಯಿಗಳು, ಗಿರವಿಗೆ ಹೋದ ಜಿಲ್ಲೆಗಳು ಮತ್ತು ಮೂರು ಸೀಮೆಗಳನ್ನು ಕಿತ್ತುಕೊಂಡ ಒಂದು ಒಪ್ಪಂದ.

ಮನೆಯೊಳಗಿನ ಲೆಕ್ಕ

ಇನ್ನೊಬ್ಬರ ಮುಂದೆ ಲೆಕ್ಕ ಕೇಳಬೇಕಾದರೆ ಮೊದಲು ತನ್ನ ಮನೆಯ ಲೆಕ್ಕ ಸರಿಯಿರಬೇಕು. ಸಾಲಾರ್ ಜಂಗರ ಮೂವತ್ತು ವರ್ಷದ ಕೆಲಸವನ್ನು ನಾವು ಓದಿಕೊಳ್ಳುವುದು ಹೀಗೆ. ಜಮಾದಾರರ, ಸಾಹುಕಾರರ ಹಿಡಿತದಲ್ಲಿದ್ದ ತಾಲ್ಲೂಕುಗಳನ್ನು ಒಂದೊಂದಾಗಿ ಬಿಡಿಸಿಕೊಂಡರು. ವಸೂಲಿಯಲ್ಲಿ ಪಾಲು ಪಡೆಯುವ ಗುತ್ತಿಗೆದಾರರ ಬದಲು ಸಂಬಳದ ತಾಲ್ಲೂಕುದಾರರನ್ನು ನೇಮಿಸಿದರು. ಊರೂರಿಗೊಂದು ನಾಣ್ಯ ಓಡುತ್ತಿದ್ದ ಕಡೆ ಸರ್ಕಾರಿ ಟಂಕಸಾಲೆಯ ಹಾಲಿ ಸಿಕ್ಕಾ ರೂಪಾಯಿಯನ್ನು ಚಲಾವಣೆಗೆ ತಂದರು. 1864ರಲ್ಲಿ ಕಂದಾಯ ಮಂಡಳಿ, 1865ರಲ್ಲಿ ಜಿಲ್ಲಾಬಂದಿ. ಇಡೀ ಸಂಸ್ಥಾನವನ್ನು ವಿಭಾಗ, ಜಿಲ್ಲೆ, ತಾಲ್ಲೂಕುಗಳಾಗಿ ಹಂಚಿದರು. ರಾಯಚೂರು, ಕಲಬುರಗಿ ಕಡೆಯ ಆಡಳಿತದ ಚೌಕಟ್ಟು ನಿಂತದ್ದು ಆ ದಿನಗಳಲ್ಲಿ. ನ್ಯಾಯಾಲಯಗಳು, ಪೊಲೀಸು, ದಾರುಲ್ ಉಲೂಮ್ ಶಾಲೆ, 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ರೈಲು, ಎಲ್ಲ ಒಂದರ ಹಿಂದೆ ಒಂದು ಬಂದವು.

ಹೊಗಳಿಕೆಯಷ್ಟೇ ಹೇಳಿ ಮುಗಿಸುವುದು ನ್ಯಾಯವಲ್ಲ. ಅವರ ಕಚೇರಿಯ ಭಾಷೆ ಫಾರಸಿ. ಕನ್ನಡ, ತೆಲುಗು ಮಾತನಾಡುವ ರೈತನಿಗೆ ತನ್ನ ಹೊಲದ ಕಾಗದವನ್ನೇ ಇನ್ನೊಬ್ಬರಿಂದ ಓದಿಸಬೇಕಾದ ಪಾಡು ಹಾಗೆಯೇ ಉಳಿಯಿತು. ದೊಡ್ಡ ಹುದ್ದೆಗಳಿಗೆ ಉತ್ತರ ಹಿಂದೂಸ್ತಾನದಿಂದ ಜನರನ್ನು ಕರೆತಂದರು. ಮುಲ್ಕಿ, ನಾನ್ ಮುಲ್ಕಿ ಎಂಬ ಜಗಳದ ಬೇರು ಅಲ್ಲಿದೆ. ಜಹಗೀರುಗಳಲ್ಲಿ ಅಬಕಾರಿ ಸಹ ಬಹುಮಟ್ಟಿಗೆ ಜಹಗೀರುದಾರರದೇ ಆಗಿತ್ತು. ದೊಡ್ಡ ಜಹಗೀರುದಾರರಲ್ಲಿ ದಿವಾನರೂ ಒಬ್ಬರು. ಮೇಲಿನವರು ನಮ್ಮ ಹೆಂಡದ ತೆರಿಗೆ ತಿಂದರು ಎಂದು ದೂರುವ ದರ್ಬಾರು, ಆ ತೆರಿಗೆಯನ್ನು ತೆತ್ತ ಕೂಲಿಯವನ ಮನೆ ಹೇಗಿದೆ ಎಂದು ಕೇಳಿದ್ದು ಕಡಿಮೆ. ಜಗಳ ಹಣ ಯಾರ ಚೀಲಕ್ಕೆ ಎಂಬುದರ ಮೇಲೆ ನಡೆಯಿತು, ಕುಡಿತ ಎಷ್ಟಿರಬೇಕು ಎಂಬುದರ ಮೇಲಲ್ಲ.

ಹಕ್ಕು ಬಹುಮಾನವಾಗಿ ಬಂದದ್ದು

1857ರಲ್ಲಿ ಉತ್ತರದಲ್ಲಿ ದಂಗೆಯೆದ್ದಾಗ ಹೈದರಾಬಾದು ಕೈಬಿಟ್ಟರೆ ದಕ್ಷಿಣವೆಲ್ಲ ಕೈಬಿಟ್ಟಂತೆ ಎಂಬ ಭಯ ಇಂಗ್ಲಿಷರಿಗಿತ್ತು. ಅದೇ ಮೇ ತಿಂಗಳಲ್ಲಿ ನಾಸಿರ್ ಉದ್ ದೌಲಾ ತೀರಿಕೊಂಡು ಮಗ ಅಫ್ಜಲ್ ಉದ್ ದೌಲಾ ಪಟ್ಟಕ್ಕೆ ಬಂದಿದ್ದರು. ಜುಲೈ 17ರಂದು ತುರ್ರೇಬಾಜ್ ಖಾನ್ ಮತ್ತು ಮೌಲ್ವಿ ಅಲ್ಲಾವುದ್ದೀನರ ಮುಂದಾಳತ್ವದಲ್ಲಿ ಜನ ರೆಸಿಡೆನ್ಸಿಯ ಮೇಲೆ ನುಗ್ಗಿದರು. ಸಾಲಾರ್ ಜಂಗ್ ಇಂಗ್ಲಿಷರ ಪರ ಗಟ್ಟಿಯಾಗಿ ನಿಂತರು.

ನಮ್ಮ ನೆರೆಯ ಸುರಪುರದ ದೊರೆ ವೆಂಕಟಪ್ಪ ನಾಯಕರು 1858ರ ಫೆಬ್ರವರಿಯಲ್ಲಿ ಹೋರಾಡಿ, ಸೋತು, ಹೈದರಾಬಾದಿಗೆ ಬಂದಾಗ ಅವರನ್ನು ಹಿಡಿದು ರೆಸಿಡೆಂಟರಿಗೆ ಒಪ್ಪಿಸಿದ್ದು ಸಾಲಾರ್ ಜಂಗರ ಸರ್ಕಾರವೇ. ಅದೇ ವರ್ಷ ಆ ಎಳೆಯ ದೊರೆ ಬಂಧನದಲ್ಲಿರುವಾಗಲೇ ಗುಂಡೇಟಿನಿಂದ ತೀರಿಕೊಂಡರು. ಈ ಭಾಗದ ಕನ್ನಡಿಗರು ಇದನ್ನು ಮರೆತಿಲ್ಲ, ಮರೆಯಬೇಕಾಗಿಯೂ ಇಲ್ಲ. ದಿವಾನರ ಜಾಣತನವನ್ನು ಮೆಚ್ಚುವಾಗ ಅದರ ಬೆಲೆ ಯಾರು ತೆತ್ತರು ಎಂಬುದೂ ಎದುರಿಗಿರಬೇಕು. ಅವರ ಮೇಲೆ 1859ರಲ್ಲಿ ಒಮ್ಮೆ, 1868ರಲ್ಲಿ ಇನ್ನೊಮ್ಮೆ ಕೊಲೆಯ ಯತ್ನ ನಡೆದವು. ಎರಡರಲ್ಲಿಯೂ ಪಾರಾದರು.

ಮತ್ತೆ ನಮ್ಮ ಅಬಕಾರಿ ಲೆಕ್ಕಕ್ಕೆ ಬರೋಣ. 1860ರ ಅಕ್ಟೋಬರಿನಲ್ಲಿ ರೆಸಿಡೆಂಟ್ ಕತ್ಬರ್ಟ್ ಡೇವಿಡ್‌ಸನ್ ತನ್ನ ಸರ್ಕಾರಕ್ಕೆ ಒಂದು ಪತ್ರ ಬರೆದ. ಸಿಕಂದರಾಬಾದ್, ಜಾಲನಾಗಳ 41 ವರ್ಷದ ಅಬಕಾರಿಯನ್ನು ನಿಜಾಮರ ಖಾತೆಗೆ ಜಮೆ ಹಿಡಿದಿದ್ದರೆ 1853ರಲ್ಲಿ ಅವರಿಂದ ಬರಬೇಕಾದ್ದು ಏನೂ ಇರಲಿಲ್ಲವೆನ್ನಬಹುದು ಎಂಬುದು ಅದರ ತಾತ್ಪರ್ಯ. ಹೈದರಾಬಾದು ಹೇಳುತ್ತಿದ್ದ ಮಾತನ್ನು ಇಂಗ್ಲಿಷರ ಕಡೆಯವನೇ ಬರವಣಿಗೆಯಲ್ಲಿ ಒಪ್ಪಿಕೊಂಡಂತಾಯಿತು. ಬೇರಾರನ್ನೂ ದೋಆಬನ್ನೂ ಕೊಡುವಂತೆ ಮಾಡಿದ ಸಾಲ ನಿಜವಾದ ಸಾಲವೇ ಅಲ್ಲ ಎಂದಾಯಿತು.

ಎರಡು ತಿಂಗಳ ನಂತರ, 1860ರ ಡಿಸೆಂಬರ್ 26ರಂದು ಹೊಸ ಒಪ್ಪಂದವಾಯಿತು. ರಾಯಚೂರು ದೋಆಬ್ ಮತ್ತು ಧಾರಾಶಿವ ನಿಜಾಮರಿಗೆ ಮರಳಿದವು. ಸುರಪುರವನ್ನೂ ಅವರಿಗೆ ಸೇರಿಸಿದರು. ಆಗಿನ ಲೆಕ್ಕದಲ್ಲಿ 50 ಲಕ್ಷವಾಗಿದ್ದ ಸಾಲವನ್ನು ರದ್ದು ಮಾಡಿದರು. ಆದರೆ ಇದೆಲ್ಲವನ್ನು ಕೊಟ್ಟದ್ದು 1857ರ ನಿಷ್ಠೆಗೆ ಬಹುಮಾನವಾಗಿ. ಹೆಂಡದ ತೆರಿಗೆ ನಿಮ್ಮದೇ ಆಗಿತ್ತು, ಆದ್ದರಿಂದ ನಿಮ್ಮ ನೆಲ ನಿಮಗೆ ಎಂಬ ಮಾತು ಅದರಲ್ಲಿ ಇರಲಿಲ್ಲ. ಬೇರಾರ್ ಇಂಗ್ಲಿಷರ ಬಳಿಯೇ ಉಳಿಯಿತು. ಮೇಲಾಗಿ ವಹಿಸಿಕೊಟ್ಟ ಸೀಮೆಗಳ ಆದಾಯ ವೆಚ್ಚದ ಲೆಕ್ಕವನ್ನು ನಿಜಾಮರು ಕೇಳಕೂಡದು, ಹೆಚ್ಚುವರಿ ಉಳಿದರೆ ಕೊಡಲಾಗುತ್ತದೆ ಎಂಬ ಕಲಮನ್ನೂ ಸೇರಿಸಿದರು.

ಸಾಲಾರ್ ಜಂಗರ ಬದುಕಿನ ತಿರುಳು ಇಲ್ಲಿದೆ ಎಂದು ನಮಗೆ ಅನಿಸುತ್ತದೆ. ಹಕ್ಕೆಂದು ಕೇಳಿದ್ದು ದಾನವಾಗಿ ಬಂದರೆ ಕೈಗೆ ಬಂದದ್ದು ಅದೇ ನೆಲ ಇರಬಹುದು, ಆದರೆ ಮುಂದಿನ ಸಲ ಕೇಳಲು ಆಧಾರ ಉಳಿಯುವುದಿಲ್ಲ. ಕೊಟ್ಟವನು ಮನಸ್ಸಿದ್ದರೆ ಮತ್ತೆ ಕೊಡುತ್ತಾನೆ, ಇಲ್ಲವಾದರೆ ಇಲ್ಲ. ಬೇರಾರಿನ ವಿಷಯದಲ್ಲಿ ಆದದ್ದು ಅದೇ.

ಬೇರಾರಿಗಾಗಿ ಕೊನೆಯವರೆಗೆ

1869ರಲ್ಲಿ ಅಫ್ಜಲ್ ಉದ್ ದೌಲಾ ತೀರಿಕೊಂಡಾಗ ಮಗ ಮಹಬೂಬ್ ಅಲಿ ಖಾನರಿಗೆ ಮೂರು ವರ್ಷವೂ ತುಂಬಿರಲಿಲ್ಲ. ಸಾಲಾರ್ ಜಂಗ್ ಅಮೀರ್ ಎ ಕಬೀರರ ಜೊತೆ ರಾಜಪ್ರತಿನಿಧಿಯಾದರು. ಆಮೇಲೆ ಅವರು ಬಿಡದೆ ಹಿಡಿದದ್ದು ಬೇರಾರಿನ ಮಾತು. ಕಂಟಿಂಜೆಂಟ್ ಪಡೆಯ ವೆಚ್ಚಕ್ಕೆ ತಕ್ಕ ಬಡ್ಡಿ ಬರುವಷ್ಟು ಮೂಲಧನವನ್ನೇ ಠೇವಣಿ ಇಡುತ್ತೇವೆ, ನಮ್ಮ ನೆಲ ನಮಗೆ ಬಿಡಿ ಎಂದು 1870ರ ದಶಕದ ಆರಂಭದಲ್ಲಿ ಬರೆದರು. 20 ವರ್ಷದ ಹಿಂದೆ ಸಂಬಳಕ್ಕೆ ಹಣವಿಲ್ಲದೆ ನೆಲ ಕಳೆದುಕೊಂಡ ಸಂಸ್ಥಾನ ಹೀಗೆ ಕೇಳುವಷ್ಟು ಚೇತರಿಸಿಕೊಂಡಿತ್ತು. ಉತ್ತರ ಬಂದದ್ದು ಇಲ್ಲ ಎಂದೇ.

1876ರಲ್ಲಿ ಇಂಗ್ಲೆಂಡಿಗೇ ಹೊರಟರು. ದಾರಿಯಲ್ಲಿ ಪ್ಯಾರಿಸಿನಲ್ಲಿ ಬಿದ್ದು ತೊಡೆಯ ಮೂಳೆ ಮುರಿಯಿತು. ಆ ನೋವಿನಲ್ಲಿಯೇ ಲಂಡನ್ ತಲುಪಿದರು. ರಾಣಿಯ ಭೇಟಿ, ಆಕ್ಸ್‌ಫರ್ಡಿನ ಗೌರವ ಪದವಿ, ಲಂಡನ್ ನಗರದ ಸನ್ಮಾನ ಎಲ್ಲವೂ ಸಿಕ್ಕವು. ಬೇರಾರ್ ಸಿಗಲಿಲ್ಲ. ವೈಸ್‌ರಾಯ್ ಲಿಟ್ಟನ್ ಇವರ ಹಟದಿಂದ ಬೇಸತ್ತು, 1877ರಲ್ಲಿ ಇವರಿಗೆ ಹೊಂದಾಣಿಕೆಯಿಲ್ಲದ ರಶೀದುದ್ದೀನ್ ಖಾನರನ್ನು ಜೊತೆ ಪ್ರತಿನಿಧಿಯಾಗಿ ಕೂರಿಸಿದ.

1883ರ ಫೆಬ್ರವರಿ 8ರಂದು ಕಾಲರಾ ತಗುಲಿ ಒಂದೇ ದಿನದಲ್ಲಿ ಸಾಲಾರ್ ಜಂಗ್ ತೀರಿಕೊಂಡರು. ವಯಸ್ಸು 54. 1902ರಲ್ಲಿ ಕರ್ಜನ್, ಮಹಬೂಬ್ ಅಲಿ ಖಾನರಿಂದ ಬೇರಾರನ್ನು ವರ್ಷಕ್ಕೆ 25 ಲಕ್ಷದಂತೆ ಶಾಶ್ವತ ಗುತ್ತಿಗೆಗೆ ಬರೆಸಿಕೊಂಡ. ಸಿಕಂದರಾಬಾದಿನ ನಾಗರಿಕ ಭಾಗ ನಿಜಾಮರ ಆಡಳಿತಕ್ಕೆ ಮರಳಿದ್ದು 1940ರ ದಶಕದಲ್ಲಿ, ಇಂಗ್ಲಿಷರು ಗಂಟು ಕಟ್ಟುವ ಹೊತ್ತಿಗೆ.

ನಮ್ಮ ಗಡಿಯಲ್ಲಿ ಇಂದು

1860ರಲ್ಲಿ ದೋಆಬ್ ಮರಳದಿದ್ದರೆ ರಾಯಚೂರು ಬಳ್ಳಾರಿಯಂತೆ ಮದರಾಸಿಗೋ ಧಾರವಾಡದಂತೆ ಮುಂಬಯಿಗೋ ಸೇರುತ್ತಿತ್ತೇನೋ. ಮರಳಿದ್ದರಿಂದ ಹೊಳೆಯ ಎರಡೂ ದಡ 1956ರ ನವೆಂಬರ್ 1ರವರೆಗೆ ಒಂದೇ ಸಂಸ್ಥಾನ, ಆಮೇಲೆ ಒಂದೇ ಹೈದರಾಬಾದ್ ರಾಜ್ಯವಾಗಿ ಉಳಿದವು. ಗದ್ವಾಲ್, ಆಲಂಪುರ ರಾಯಚೂರು ಜಿಲ್ಲೆಯಲ್ಲಿದ್ದವು, ಕೊಡಂಗಲ್ ಕಲಬುರಗಿಯಲ್ಲಿತ್ತು. ಎರಡೂ ಕಡೆಗೆ ಅಬಕಾರಿ ಕಾನೂನು ಒಂದೇ, 1316 ಫಸಲಿಯ ಹೈದರಾಬಾದ್ ಅಬಕಾರಿ ಕಾಯ್ದೆ. ರಾಜ್ಯಗಳು ಬೇರೆಯಾದ ಮೇಲೆ ಕಾನೂನೂ ಬೇರೆಯಾಯಿತು. ಅತ್ತ 1965ರ ಕಾಯ್ದೆ, ಇತ್ತ 1968ರ ಕಾಯ್ದೆ.

ಸಾಲಾರ್ ಜಂಗರಿಗೆ ಸಿಗದಿದ್ದದ್ದು ಈಗ ರಾಜ್ಯಗಳಿಗೆ ಇದೆ, ಅದೂ ಬರವಣಿಗೆಯಲ್ಲಿ. ಸಂವಿಧಾನದ ಏಳನೆಯ ಅನುಸೂಚಿಯ ರಾಜ್ಯ ಪಟ್ಟಿಯಲ್ಲಿ 8ನೆಯ ನಮೂದು ಮದ್ಯದ ತಯಾರಿಕೆ, ಸಾಗಣೆ, ಮಾರಾಟವನ್ನು ರಾಜ್ಯಕ್ಕೆ ಕೊಡುತ್ತದೆ. 51ನೆಯ ನಮೂದು ಅದರ ಮೇಲಿನ ಸುಂಕವನ್ನು ಕೊಡುತ್ತದೆ. ಜಿಎಸ್‌ಟಿ ಬಂದಾಗಲೂ ಕುಡಿಯುವ ಮದ್ಯವನ್ನು ಅದರ ಹೊರಗೆ ಇಟ್ಟರು. ಕೈಗಾರಿಕೆಯ ಆಲ್ಕೋಹಾಲ್ ಯಾರ ಹತೋಟಿಗೆ ಎಂಬ ತಕರಾರು ಉಳಿದಿತ್ತು. 1990ರಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಾಧೀಶರು ಕೇಂದ್ರದ ಪರ ಹೇಳಿದ್ದರು. 2024ರ ಅಕ್ಟೋಬರ್ 23ರಂದು ಒಂಬತ್ತು ನ್ಯಾಯಾಧೀಶರ ಪೀಠ 8 ಮತ್ತು 1ರಂತೆ ಅದನ್ನು ತಿರುಗಿಸಿ, ರಾಜ್ಯಗಳಿಗೂ ಅಧಿಕಾರವಿದೆ ಎಂದಿತು. ಭಿನ್ನಮತ ಬರೆದವರು ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ. ವಿ. ನಾಗರತ್ನ.

ಕಾನೂನು ಹೀಗೆ ಸ್ಪಷ್ಟವಾದರೂ ಗಡಿಯ ಬದುಕು ಅಷ್ಟು ಸ್ಪಷ್ಟವಲ್ಲ. ಕರ್ನಾಟಕ 2007ರ ಜುಲೈ 1ರಿಂದ ಸಾರಾಯಿ ನಿಷೇಧಿಸಿತು, ರಾಯಚೂರು ಕಡೆ ಸೇಂದಿಗೂ ಅನುಮತಿಯಿಲ್ಲ. ತೆಲಂಗಾಣದಲ್ಲಿ ಮರ ಏರುವವರ ಸಹಕಾರ ಸಂಘಗಳ ಮೂಲಕ ಸೇಂದಿಗೆ ಅನುಮತಿಯಿದೆ. ಆಂಧ್ರದಲ್ಲಿ 1995ರಿಂದ 1997ರವರೆಗೆ ಮದ್ಯಪಾನ ನಿಷೇಧವಿದ್ದಾಗ ನಮ್ಮ ಊರುಗಳಿಂದ ಗಡಿ ದಾಟುವುದು ಎಷ್ಟು ಸುಲಭವಾಗಿತ್ತೆಂದು ಹಿರಿಯರಿಗೆ ಗೊತ್ತು. ಇದಕ್ಕಿಂತ ಕೆಟ್ಟದ್ದು ಕಲಬೆರಕೆ. ಸೇಂದಿಗೆ ನಿದ್ರೆಯ ಔಷಧಿ ಬೆರೆಸುವ ಪಿಡುಗು ಪಾಲಮೂರು ಸೀಮೆಯಲ್ಲಿ ಹಳೆಯದು. ಇಲ್ಲೂ ಅಧಿಕಾರ ಎರಡಾಗಿ ಒಡೆದಿದೆ. ಸೇಂದಿ ರಾಜ್ಯದ ಕಾನೂನಿಗೆ, ಅದಕ್ಕೆ ಬೆರೆಸುವ ಅಲ್ಪ್ರಜೋಲಂನಂಥ ಔಷಧಿ ಕೇಂದ್ರದ 1985ರ ಮಾದಕ ವಸ್ತು ಕಾಯ್ದೆಗೆ. ಕುಡಿದು ಮಲಗಿದವನ ಮನೆಯವರಿಗೆ ಈ ವಿಂಗಡಣೆಯಿಂದ ಏನೂ ಆಗಬೇಕಾದ್ದಿಲ್ಲ. ಅವರಿಗೆ ಬೇಕಾದ್ದು ಯಾರಾದರೊಬ್ಬರು ಹೊಣೆ ಹೊರುವುದು.

ಸಾಲಾರ್ ಜಂಗರಿಂದ ನಾವು ಕಲಿಯಬಹುದಾದ್ದು ಎರಡು. ಒಂದು, ಅಧಿಕಾರ ಯಾರದೆಂಬುದು ಕಾಗದದಲ್ಲಿ ಸ್ಪಷ್ಟವಿರಬೇಕು, ಲೆಕ್ಕ ಎಲ್ಲರಿಗೂ ಕಾಣುವಂತಿರಬೇಕು. ವರ್ಷಕ್ಕೆ 1 ಲಕ್ಷದ ಹೆಂಡದ ತೆರಿಗೆಯ ಬಗ್ಗೆ ಬರವಣಿಗೆ ಇಲ್ಲದ್ದರಿಂದ ಒಂದು ಸೀಮೆಯೇ ಕೈತಪ್ಪಿತು. ಇನ್ನೊಂದು, ಅವರ ಕಾಲದಲ್ಲಿ ಯಾರೂ ಮಾಡದೆ ಬಿಟ್ಟದ್ದು. ಆ ಹಣ ಯಾರ ಮನೆಯಿಂದ ಬಂತು, ಅದರಲ್ಲಿ ಆ ಮನೆಗೆ ಎಷ್ಟು ಮರಳಿತು ಎಂದು ಕೇಳುವುದು. ಮೊದಲನೆಯದಕ್ಕೆ ಸಂವಿಧಾನ ಉತ್ತರ ಕೊಟ್ಟಿದೆ. ಎರಡನೆಯದನ್ನು ನಮ್ಮ ಗ್ರಾಮಸಭೆಗಳಲ್ಲಿ ನಾವೇ ಕೇಳಬೇಕು.

ನಿಮ್ಮ ಮನೆಗಳಲ್ಲಿ ಹಳೆಯ ಅಬಕಾರಿ ಪಟ್ಟೆ, ಮರದ ರಸೀದಿ, ಜಹಗೀರಿನ ಕಾಗದಗಳಿದ್ದರೆ ಎಸೆಯಬೇಡಿ. ಸಂಘಕ್ಕೆ ತೋರಿಸಿ. ಫಾರಸಿ, ಉರ್ದು ಓದಬಲ್ಲ ಹಿರಿಯರು ನಮ್ಮಲ್ಲಿ ಇನ್ನೂ ಇದ್ದಾರೆ. ಅವರ ಜೊತೆ ಕೂತು ಓದಿಸಿ, ಕನ್ನಡದಲ್ಲಿ ಬರೆದಿಡೋಣ.